ನಗೆ, ಗಾಯ ಮತ್ತು ಕೈಯಲ್ಲಿರುವ ಮಾಧ್ಯಮ: ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಗಡಿಯ ಒಂದು ಇತಿಹಾಸ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಗೆ ಪ್ರಶ್ನೋತ್ತರದ ಒಂದು ಭಾಗವಿದೆ.)

ನನ್ನ ಧ್ವನಿ ಸರಿಯಾಗಿ ಕೇಳ್ಲಿಕತ್ತದ ಅಂತ ತಿಳ್ಕೊಂಡು ಶುರು ಮಾಡ್ತೀನಿ. ಆಘಾತಕ್ಕೆ ಸಿಕ್ಕು ಬದುಕಿ ಉಳಿದವರಿಗೆ ಹಾಸ್ಯ ಮತ್ತು ಸಾಮಾಜಿಕ ಮಾಧ್ಯಮ ಹೇಗೆ ಆಸರೆಯಾಗಬಲ್ಲವು ಎಂಬ ಪ್ರಶ್ನೆ ಸಾಮಾನ್ಯವಾಗಿ ಮನಃಶಾಸ್ತ್ರ ವಿಭಾಗದ್ದು. ಇತಿಹಾಸದ ವಿದ್ಯಾರ್ಥಿಗೆ ಅಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ನನ್ನ ಕೆಲಸ ಇಷ್ಟೇ: ಒಂದು ನಿರ್ದಿಷ್ಟ ಪ್ರದೇಶದಾಗ, ಒಂದು ನಿರ್ದಿಷ್ಟ ಗಾಯದ ನಂತರ, ಯಾರು ನಕ್ಕರು, ಯಾರ ಮೇಲೆ ನಕ್ಕರು, ಯಾವ ಮಾಧ್ಯಮದಲ್ಲಿ ನಕ್ಕರು, ಯಾರಿಗೆ ನಗಲಿಕ್ಕೇ ಜಾಗ ಸಿಗಲಿಲ್ಲ ಅಂತ ನೋಡುವುದು. ‘ನಗು ಒಳ್ಳೆಯ ಮದ್ದು’ ಎಂಬ ಮಾತನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಮದ್ದು ಅಂದ ಮೇಲೆ ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾರಿಗೆ ಕೊಟ್ಟರು ಅನ್ನುವುದೂ ಬರ್ತದಲ್ಲ.

ಮೊದಲು ಜಾಗ ಯಾವುದು ಅಂತ ಹೇಳ್ತೀನಿ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಈ ಮೂರೂ ಇವತ್ತು ತೆಲಂಗಾಣದಾಗ ಅವ. ಮೊದಲ ಎರಡು ಸಂಗಾರೆಡ್ಡಿ ಜಿಲ್ಲೆ, ಮೂರನೆಯದು ವಿಕಾರಾಬಾದ್ ಜಿಲ್ಲೆ. 1956ರ ತನಕ ಲೆಕ್ಕ ಬೇರೆಯೇ ಇತ್ತು. ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕು. ರಾಜ್ಯ ಪುನರ್ವಿಂಗಡಣೆ ಕಾಯ್ದೆಯನ್ನು ತೆಗೆದು ಓದಿದರೆ ಕತ್ತರಿ ಎಷ್ಟು ಸೂಕ್ಷ್ಮವಾಗಿ ಆಡಿದೆ ಅಂತ ತಿಳೀತದ. ನಿರಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ಇಡೀ ನಾರಾಯಣಖೇಡ್ ತಾಲ್ಲೂಕು, ಗುಲಬರ್ಗಾದಿಂದ ಕೊಡಂಗಲ್ ಮತ್ತು ತಾಂಡೂರು, ರಾಯಚೂರಿನಿಂದ ಆಲಂಪುರ ಮತ್ತು ಗದ್ವಾಲ್: ಇಷ್ಟು ಆಂಧ್ರಪ್ರದೇಶಕ್ಕೆ ಹೋದವು. ಒಂದೇ ಮನೆತನದ ಬೀಗರು ಎರಡು ರಾಜ್ಯದವರಾದರು. ಆದರೂ ಝರಾಸಂಗಮದ ಕೇತಕಿ ಸಂಗಮೇಶ್ವರಕ್ಕೆ ಬೀದರ ಕಡೆಯ ಜನ ಹೋಗೋದು ನಿಲ್ಲಲಿಲ್ಲ, ತಾಂಡೂರಿನ ಭದ್ರೇಶ್ವರ ಜಾತ್ರೆಯಲ್ಲಿ ಕನ್ನಡ ಕೇಳೋದೂ ನಿಲ್ಲಲಿಲ್ಲ. ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು ನಾಲ್ಕನ್ನೂ ಒಂದೇ ವಾಕ್ಯದಾಗ ಸೇರಿಸಿ ಮಾತಾಡುವ ಸೀಮೆ ಇದು. ಭಾಷಾವಾರು ಪ್ರಾಂತ್ಯದ ಇತಿಹಾಸಕಾರರಿಗೆ ಇದೊಂದು ತಲೆನೋವು. ನಗೆಯ ಇತಿಹಾಸಕಾರನಿಗೆ ಮಾತ್ರ ಬಂಗಾರದ ಗಣಿ.

ಇನ್ನು ಗಾಯ. 1947–48ರಲ್ಲಿ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇತ್ತು. ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ ಅದರ ಅತ್ಯಂತ ಕ್ರೂರ ಉದಾಹರಣೆ. ಊರು ಬಿಟ್ಟು ಗಡಿ ದಾಟಿದವರು, ಸುಗ್ಗಿ ಕಳಕೊಂಡವರು, ಮನೆಯವರನ್ನು ಕಣ್ಣೆದುರೇ ಕಳಕೊಂಡವರು ಬಹಳ. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತೀಯ ಸೇನೆಯ ಕಾರ್ಯಾಚರಣೆ ನಡೆಯಿತು. ನಮ್ಮ ಹಿರಿಯರ ಬಾಯಲ್ಲಿ ಅದು ‘ಪೊಲೀಸ್ ಆಕ್ಷನ್’. ಅಲ್ಲಿಗೆ ಕಥೆ ಮುಗಿಯಿತು ಅಂತ ಪಠ್ಯಪುಸ್ತಕ ಹೇಳ್ತದ. ಮುಗಿಯಲಿಲ್ಲ. ಆಮೇಲಿನ ದಿನಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇದ್ದ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಾಡಿ ವರದಿ ಕೊಟ್ಟಿತು. ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದು ಎಂದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್. ಅಂದರೆ ನಮ್ಮ ಮೂರು ತಾಲ್ಲೂಕುಗಳು ಸೇರಿದ್ದ ಎರಡೂ ಜಿಲ್ಲೆಗಳು ಆ ಪಟ್ಟಿಯಲ್ಲಿವೆ. ಅದೇ ವರದಿ, ಪ್ರಾಣ ಒತ್ತೆಯಿಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಹೇಳ್ತದ. ಇದನ್ನು ಯಾಕೋ ಎರಡೂ ಕಡೆಯವರು ಉಲ್ಲೇಖಿಸೋದು ಕಡಿಮೆ.

ಆ ವರದಿ ಸಾರ್ವಜನಿಕರಿಗೆ ಸರಿಯಾಗಿ ಓದಲು ಸಿಕ್ಕಿದ್ದು 2013ರ ಹೊತ್ತಿಗೆ, ದಿಲ್ಲಿಯ ನೆಹರೂ ಸ್ಮಾರಕ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯದಲ್ಲಿ. ಅದೇ ವರ್ಷ ಎ.ಜಿ. ನೂರಾನಿಯವರ ಪುಸ್ತಕವೂ ಬಂತು. ಲೆಕ್ಕ ಹಾಕ್ರಿ, ನಡುವೆ 65 ವರ್ಷ. ಈ 65 ವರ್ಷ ಎರಡು ಬಗೆಯ ಗಾಯಗೊಂಡವರು ಒಂದೇ ಓಣಿಯಲ್ಲಿ, ಒಂದೇ ಬಾವಿಯ ನೀರು ಕುಡಿದು ಬದುಕಿದರು. ರಜಾಕಾರರ ಹಾವಳಿಯನ್ನು ಕಂಡವರಿಗೆ ಸಾರ್ವಜನಿಕವಾಗಿ ಹೇಳಿಕೊಳ್ಳಲು ಒಂದು ಭಾಷೆಯಾದರೂ ಸಿಕ್ಕಿತು: ವಿಮೋಚನೆಯ ಭಾಷೆ. ಆದರೆ ಅದು ವೀರರ ಭಾಷೆ; ಹೆದರಿ ಜೋಳದ ಹೊಲದಾಗ ಅಡಗಿ ಕುಂತವನಿಗೆ ಅದರಲ್ಲಿ ಜಾಗ ಇಲ್ಲ. ಸೆಪ್ಟೆಂಬರ್ ನಂತರ ಕಳೆದುಕೊಂಡವರಿಗೆ ಅಷ್ಟೂ ಸಿಗಲಿಲ್ಲ. ಅವರು ಬಾಯಿ ಬಿಟ್ಟರೆ ‘ನೀನು ರಜಾಕಾರನಾ?’ ಎಂಬ ಪ್ರಶ್ನೆ ಕಾದು ಕುಂತಿತ್ತು.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ‘ಆಘಾತ’ ಅಂತ ನಾವು ಬರೆಯುವ ಅರ್ಥ ಈಚಿನದು. ಆಘಾತೋತ್ತರ ಮನೋವ್ಯಾಧಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅಧಿಕೃತವಾಗಿ ಸೇರಿದ್ದು 1980ರಲ್ಲಿ. ಜುಡಿತ್ ಹರ್ಮನ್ ಅವರ ಪುಸ್ತಕ 1992ರದು. ಚೇತರಿಕೆಗೆ ಮೊದಲು ಸುರಕ್ಷತೆ ಬೇಕು, ಆಮೇಲೆ ನೆನೆದು ಅಳಲು ಸಾಧ್ಯ, ಆಮೇಲೆ ಜನರೊಂದಿಗೆ ಮತ್ತೆ ಕೂಡಿಕೊಳ್ಳುವುದು ಎಂದು ಅವರು ಮೂರು ಹಂತ ಹೇಳ್ತಾರ. 1948ರ ನಮ್ಮವರಿಗೆ ಈ ಯಾವ ಪದವೂ ಇರಲಿಲ್ಲ. ‘ಹೆದರಿಕಿ ಹೊಕ್ಕದ’, ‘ಎದಿ ಒಡಕೊಂಡಾನ’ ಅಂತಿದ್ದರು. ಹರ್ಮನ್ ಹೇಳುವ ಮೊದಲ ಹಂತವೇ ಇಲ್ಲಿ ಪೂರ್ತಿ ಸಿಕ್ಕಿರಲಿಲ್ಲ. ಮೊದಲ ಹಂತವಿಲ್ಲದೆ ಎರಡನೆಯದನ್ನು ಹಾರಿ ಮೂರನೆಯದಕ್ಕೆ, ಅಂದರೆ ಮತ್ತೆ ಜನರೊಂದಿಗೆ ಕೂಡಿ ಬಾಳುವುದಕ್ಕೆ, ಇಳಿಯಬೇಕಾದವರು ಏನು ಮಾಡಿದರು? ನನ್ನ ಊಹೆ: ನಗೆಯನ್ನು ಸೇತುವೆ ಮಾಡಿಕೊಂಡರು.

ಮುಷಾಯಿರಾದ ನಗು

ಸುಲೇಮಾನ್ ಖತೀಬ್ 1922ರಲ್ಲಿ ಬೀದರ ಜಿಲ್ಲೆಯ ಚಿಟಗುಪ್ಪಾದಲ್ಲಿ ಹುಟ್ಟಿದವರು. ಜಹೀರಾಬಾದಿಗೆ ಅದು ನೆರೆಯೂರು ಅನ್ನಬಹುದು. ಬದುಕಿದ್ದು ಗುಲಬರ್ಗಾದಲ್ಲಿ, ಅಲ್ಲಿನ ನೀರು ಸರಬರಾಜು ಇಲಾಖೆಯಲ್ಲಿ ನೌಕರಿ. 1978ರಲ್ಲಿ ತೀರಿಕೊಂಡರು. ಅವರ ಸಂಕಲನ ‘ಕೇವಡೇ ಕಾ ಬನ್’, ಅಂದರೆ ಕೇದಗೆಯ ಬನ. ದಖನಿ ಹಾಸ್ಯಕವಿ ಅಂತ ಹೆಸರು. ಆದರೆ ಅವರನ್ನು ಬರೀ ಹಾಸ್ಯಕವಿ ಅಂದರೆ ಅರ್ಧ ಹೇಳಿದಂಗ. ‘ಛೋರಾ ಛೋರಿ’ ಕವನ ತಗೊಳ್ರಿ. ಮೊದಲರ್ಧ ಗಂಡಿನ ಕಡೆಯವರ ಬಡಾಯಿ, ಬೇಡಿಕೆಯ ಪಟ್ಟಿ. ಸಭೆ ಹೊಟ್ಟೆ ಹಿಡಕೊಂಡು ನಗ್ತದ. ಆಮೇಲೆ ಹೆಣ್ಣಿನ ತಂದೆ ಮಾತಾಡ್ತಾನ. ಅದೇ ಸಭೆ, ಅದೇ ಜನ, ಈಗ ಕಣ್ಣೊರೆಸಿಕೊಳ್ತಾರ. ನಗಿಸಿ ಬಾಗಿಲು ತೆರೆಸಿ, ತೆರೆದ ಬಾಗಿಲಲ್ಲಿ ದುಃಖವನ್ನು ಒಳಗೆ ಬಿಡುವ ಈ ಕಟ್ಟಣೆ ಅವರ ಬೇರೆ ಕವನಗಳಲ್ಲೂ ಇದೆ.

ಜನ ಬಾಯಿಪಾಠ ಮಾಡಿದ ಖತೀಬರ ಕವನಗಳ ವಸ್ತು ವರದಕ್ಷಿಣೆ, ಸಂಬಳದ ದಿನ, ಅತ್ತೆ–ಸೊಸೆ. 1948 ಅಲ್ಲ. ಹಾಗಾದರೆ ನಾನು ಅವರನ್ನು ಇಲ್ಲಿ ಯಾಕೆ ಎಳೆದು ತರ್ತೀನಿ? ಕಾರಣ ಸಭೆ. 1950, 60ರ ದಶಕದಲ್ಲಿ ಆ ಚಾಪೆಯ ಮೇಲೆ ಕುಂತವರು ಯಾರು ಅಂತ ಯೋಚನೆ ಮಾಡ್ರಿ. ಸಂಸ್ಥಾನ ಹೋದ ಮೇಲೆ ನೌಕರಿ ಕಳಕೊಂಡ ಗುಮಾಸ್ತರು, ಜಹಗೀರು ಹೋದ ಮನೆಯವರು, ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದವರು, ಅವರ ಪಕ್ಕದಲ್ಲೇ ಉರ್ದು ಓದಿದ ಹಿಂದೂ ವಕೀಲರು, ಮಾಸ್ತರರು. 1918ರಿಂದ ಉರ್ದುವಿನಲ್ಲೇ ಕಲಿಸುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಬದಲಾಗಿತ್ತು. ಕಲಿತ ಭಾಷೆಯೇ ಬೆಲೆ ಕಳಕೊಂಡ ಪೀಳಿಗೆ ಅದು. ಅಂಥ ಸಭೆಯಲ್ಲಿ ಒಬ್ಬ ಕವಿ ಎದ್ದು ನಿಂತು ಲಖನೌದ ಶಿಷ್ಟ ಉರ್ದುವನ್ನು ಬಿಟ್ಟು ‘ನಕ್ಕೋ’, ‘ಹೌ’, ‘ಕೈಕು’ ಎಂದು ಓಣಿಯ ಮಾತಲ್ಲಿ ಓದಿದಾಗ ಏನಾಗ್ತದ? ‘ನಾವು ಇನ್ನೂ ಇದ್ದೀವಿ, ನಮ್ಮ ಮಾತು ಇನ್ನೂ ಅದ’ ಅಂತ ಹೇಳಿದಂಗ ಆಗ್ತದ. ‘ನಕ್ಕೋ’ದಲ್ಲಿ ಮರಾಠಿ ಅದ, ‘ಹೌ’ ಕೇಳಿದರೆ ನಮ್ಮ ‘ಹೌದು’ ನೆನಪಾಗ್ತದ. ಕಿತ್ತುಹೋದ ನೆರೆಹೊರೆ ಕನಿಷ್ಠ ವ್ಯಾಕರಣದೊಳಗಾದರೂ ಉಳಕೊಂಡಿತ್ತು.

ಮುಜ್ತಬಾ ಹುಸೇನ್ ಅವರದು ಇನ್ನೂ ನೇರ ಉದಾಹರಣೆ. ಗುಲಬರ್ಗಾ ಜಿಲ್ಲೆಯಲ್ಲಿ 1936ರ ಜುಲೈ 15ರಂದು ಹುಟ್ಟಿದವರು. ಪೊಲೀಸ್ ಆಕ್ಷನ್ ಆದಾಗ ಹನ್ನೆರಡು ವರ್ಷ. ಅಣ್ಣ ಇಬ್ರಾಹಿಂ ಜಲೀಸ್ ಲೇಖಕ. ಪಾಕಿಸ್ತಾನಕ್ಕೆ ಹೋದರು, ಹೈದರಾಬಾದಿನ ಪತನದ ಬಗ್ಗೆ ‘ದೋ ಮುಲ್ಕ್ ಏಕ್ ಕಹಾನಿ’ ಬರೆದರು. ಇನ್ನೊಬ್ಬ ಅಣ್ಣ ಮೆಹಬೂಬ್ ಹುಸೇನ್ ಜಿಗರ್ ಇಲ್ಲೇ ಉಳಿದು ‘ಸಿಯಾಸತ್’ ಪತ್ರಿಕೆ ಕಟ್ಟಿದರು. ಒಂದೇ ಮನೆ ಎರಡು ದೇಶ ಆಯಿತು. 1962ರಲ್ಲಿ ‘ಸಿಯಾಸತ್’ನ ಹಾಸ್ಯ ಅಂಕಣ ಮುಜ್ತಬಾ ಅವರ ಕೈಗೆ ಬಂತು. ಅದೇ ವರ್ಷ ‘ಜಿಂದಾದಿಲಾನ್–ಎ–ಹೈದರಾಬಾದ್’ ಎಂಬ ಹಾಸ್ಯ ಬರಹಗಾರರ ಸಂಘ ಹುಟ್ಟಿತು. 1968ರಲ್ಲಿ ‘ಶಗೂಫಾ’ ಎಂಬ ಹಾಸ್ಯದ ಮಾಸಪತ್ರಿಕೆ. ಸಂಘದ ಹೆಸರನ್ನೇ ನೋಡ್ರಿ: ಜೀವಂತ ಹೃದಯದವರು. 1948ರಿಂದ 1962, ಹದಿನಾಲ್ಕು ವರ್ಷ. ಒಂದಕ್ಕೆ ಇನ್ನೊಂದು ಕಾರಣ ಅಂತ ನಾನು ಸಾಧಿಸಲು ಹೊರಟಿಲ್ಲ. ಪತ್ರಿಕೆಗಳ ಬೆಳವಣಿಗೆ, ಹೊಸ ಓದುಗರು, ಎಲ್ಲಾ ಸೇರ್ತಾವ. ಆದರೆ ಗಾಯವಾದ ಮರುದಿನ ಯಾರೂ ಜೋಕು ಹೇಳಲಿಲ್ಲ, ಒಂದು ಪೀಳಿಗೆ ಬೆಳೆಯುವಷ್ಟು ಹೊತ್ತು ಬೇಕಾಯಿತು ಅನ್ನುವುದು ಗಮನಿಸಬೇಕಾದ ಮಾತು. ಮುಜ್ತಬಾ ಅವರಿಗೆ 2007ರಲ್ಲಿ ಪದ್ಮಶ್ರೀ ಬಂತು. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆಯ ಗದ್ದಲದ ಹೊತ್ತಿಗೆ ಅದನ್ನು ಹಿಂದಿರುಗಿಸುತ್ತೇನೆ ಅಂದರು. ಜೀವನವಿಡೀ ನಗಿಸಿದವರು ಎಂಬತ್ತಮೂರನೇ ವಯಸ್ಸಿನಲ್ಲಿ ಒಂದು ಕಡೆ ನಗು ನಿಲ್ಲಿಸಿದರು. 2020ರ ಮೇ 27ರಂದು ತೀರಿಕೊಂಡರು.

ಹಾಸ್ಯದ ಮನಃಶಾಸ್ತ್ರಜ್ಞರಲ್ಲಿ ರಾಡ್ ಮಾರ್ಟಿನ್ ಮತ್ತು ಜೊತೆಗಾರರು 2003ರಲ್ಲಿ ಹಾಸ್ಯದ ನಾಲ್ಕು ಬಗೆ ಗುರುತಿಸಿದರು: ಇತರರನ್ನು ಹತ್ತಿರ ತರುವುದು, ತನ್ನನ್ನೇ ಎತ್ತಿ ಹಿಡಿಯುವುದು, ಇತರರ ಮೇಲೆ ಎರಗುವುದು, ತನ್ನನ್ನೇ ಕೆಡವಿಕೊಳ್ಳುವುದು. ದಖನಿ ಕವಿಗಳ ಕಾವ್ಯನಾಮ ಕೇಳ್ರಿ: ಸರ್ವರ್ ಡಂಡಾ, ಪಾಗಲ್ ಅದಿಲಾಬಾದಿ, ಗಿಲ್ಲಿ ನಲ್ಗೊಂಡವಿ. ಕೋಲು, ಹುಚ್ಚ, ಚಿನ್ನಿ. ಪಟ್ಟಿಯ ಪ್ರಕಾರ ಇದು ನಾಲ್ಕನೆಯದು, ತನ್ನನ್ನೇ ಕೆಡವಿಕೊಳ್ಳುವುದು, ಮನಸ್ಸಿಗೆ ಒಳ್ಳೆಯದಲ್ಲ. ನನಗೆ ಹಾಗೆ ಅನ್ನಿಸೋದಿಲ್ಲ. ‘ಹುಚ್ಚ’ನ ಮಾತನ್ನು ಯಾರೂ ದೂರಾಗಿ ತಗೊಳ್ಳೋದಿಲ್ಲ, ಹುಚ್ಚ ಅಂತ ಹೆಸರಿಟ್ಟುಕೊಂಡವನಿಗೆ ಹೇಳಲಿಕ್ಕೆ ಪರವಾನಗಿ ಸಿಗ್ತದ. ಪ್ರಶ್ನಾವಳಿ ಮಾಡುವವರು ಒಮ್ಮೆ ನಮ್ಮ ಮುಷಾಯಿರಾಕ್ಕೆ ಬಂದು ಕೂಡಬೇಕು.

ಯಾರು ಆ ಚಾಪೆಯ ಮೇಲೆ ಇರಲಿಲ್ಲ

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತು. ಈ ನಗು ಬಹುಮಟ್ಟಿಗೆ ಗಂಡಸರದು. ವೇದಿಕೆಯ ಮೇಲೆ ಗಂಡಸರು, ಜೋಕಿನ ವಸ್ತು ಹೆಂಡತಿ. ಸುಂದರಲಾಲ್ ವರದಿ ಹೆಣ್ಣುಮಕ್ಕಳ ಅಪಹರಣ, ಅತ್ಯಾಚಾರಗಳನ್ನು ದಾಖಲಿಸಿದೆ. ಆ ಹೆಣ್ಣುಮಕ್ಕಳು ಎಲ್ಲಿ ಹೋದರು? ಊರ್ವಶಿ ಬುಟಾಲಿಯಾ ಪಂಜಾಬಿನ ವಿಭಜನೆಯ ಬಗ್ಗೆ 1998ರಲ್ಲಿ ಬರೆದ ‘ದಿ ಅದರ್ ಸೈಡ್ ಆಫ್ ಸೈಲೆನ್ಸ್’ ಥರದ ಕೆಲಸ ಬೀದರ–ಗುಲಬರ್ಗಾ ಗಡಿಯ ಬಗ್ಗೆ ಆಗಬೇಕಾಗಿದೆ. ನಮ್ಮ ವಿಭಾಗಗಳು ಇದನ್ನು ಮುಂದೂಡುತ್ತಾ ಬಂದಿವೆ. ಅವರ ಪಾಲಿಗೆ ಮುಷಾಯಿರಾ ಗೋಡೆಯಾಚೆ ಕೇಳುವ ಗದ್ದಲ. ಇನ್ನು ದಲಿತ ಕೂಲಿ ಹೆಣ್ಣುಮಕ್ಕಳಿಗೆ 1948 ಒಂದೇ ಆಘಾತ ಆಗಿರಲಿಲ್ಲ. ಜೀತ, ಹಸಿವು, ಪಟೇಲನ ಮನೆಯಂಗಳದಾಗ ಕೈ ಕಟ್ಟಿ ನಿಲ್ಲೋದು, ಇವು ಸಂಸ್ಥಾನದ ಮೊದಲೂ ಇದ್ದವು, ಆಮೇಲೂ ಇದ್ದವು. ಒಂದು ದಿನ ನಡೆದು ಮುಗಿಯುವ ಘಟನೆಯಲ್ಲ ಅದು.

ಹಾಗಾಗಿ ಜಹೀರಾಬಾದಿನ ಎರಡನೇ ನಗುವಿಗೆ ಬರ್ತೀನಿ. 1983ರಲ್ಲಿ ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ದಲಿತ ಹೆಣ್ಣುಮಕ್ಕಳ ಸಂಘಗಳು ಬೀಡುಬಿದ್ದ ಹೊಲ ಉಳುಮೆ ಮಾಡಿದವು, ಸಿರಿಧಾನ್ಯದ ಬೀಜ ಉಳಿಸಿದವು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು. ಕೃಷಿಯ ಕಥೆ ನಿಮಗೆಲ್ಲ ಗೊತ್ತು, ಅದನ್ನು ಬಿಡ್ತೀನಿ. ನನಗೆ ಬೇಕಾದದ್ದು ಕ್ಯಾಮೆರಾದ ಕಥೆ.

ಓದು ಬಾರದ ಈ ಹೆಣ್ಣುಮಕ್ಕಳು ವಿಡಿಯೊ ಕಲಿತಾಗ ಶಾಟ್‌ಗಳಿಗೆ ಇಂಗ್ಲಿಷ್ ಹೆಸರು ಹಿಡಿಸಲಿಲ್ಲ. ಹೈ ಆ್ಯಂಗಲ್, ಲೋ ಆ್ಯಂಗಲ್ ಅಂದರೆ ಯಾರಿಗೆ ತಿಳೀಬೇಕು? ತಮ್ಮದೇ ಹೆಸರು ಇಟ್ಟರು. ಮೇಲಿನಿಂದ ಕೆಳಗೆ ನೋಡುವುದು ‘ಪಟೇಲ್ ಶಾಟ್’. ಪಟೇಲ ಕಟ್ಟೆಯ ಮೇಲೆ ಕುಂತು ನಮ್ಮನ್ನು ಹಾಗೇ ನೋಡ್ತಿದ್ದನಲ್ಲ. ಕೆಳಗಿನಿಂದ ಮೇಲೆ ನೋಡುವುದು ‘ಜೀತದಾಳು ಶಾಟ್’. ಕಣ್ಣಿನ ಮಟ್ಟದಲ್ಲಿ ನೇರ ನೋಡುವುದು ‘ಸಂಘಂ ಶಾಟ್’, ಯಾಕಂದ್ರ ಸಂಘದಾಗ ಎಲ್ಲರೂ ನೆಲದ ಮೇಲೆ ಒಂದೇ ಸಮ ಕೂಡ್ತಾರ. ಮಾಧ್ಯಮ ಅಧ್ಯಯನದವರು ಇದನ್ನು ಬಹಳ ಸಲ ಉಲ್ಲೇಖಿಸ್ತಾರ, ಹೆಚ್ಚಾಗಿ ‘ಸಬಲೀಕರಣ’ದ ಉದಾಹರಣೆಯಾಗಿ. ನಾನು ಅದನ್ನು ಜೋಕಾಗಿ ಓದ್ತೀನಿ, ಬಹಳ ದೊಡ್ಡ ಜೋಕಾಗಿ. ತಲೆಮಾರುಗಟ್ಟಲೆ ಬೆನ್ನು ಬಗ್ಗಿಸಿದ ನೋಟವನ್ನು ತಾಂತ್ರಿಕ ಪದವನ್ನಾಗಿ ಮಾಡಿ, ‘ಏ, ಇಲ್ಲಿ ಪಟೇಲ್ ಶಾಟ್ ಬ್ಯಾಡ, ಸಂಘಂ ಶಾಟ್ ಹಾಕು’ ಅನ್ನುವ ಸ್ಥಿತಿ ಬಂದಾಗ, ಪಟೇಲ ಒಂದು ಕ್ಯಾಮೆರಾ ಕೋನದಷ್ಟಕ್ಕೆ ಇಳಿದುಬಿಡ್ತಾನ. ನೋವನ್ನು ಮರೆತದ್ದಲ್ಲ ಇದು. ಪ್ರತಿ ಸಲ ಕ್ಯಾಮೆರಾ ಎತ್ತಿದಾಗ ಅದನ್ನು ನೆನೆದು, ನೆನೆದ ಕೈಯಲ್ಲೇ ಪಕ್ಕಕ್ಕೆ ಇಡೋದು. ವಿಕ್ಟರ್ ಫ್ರಾಂಕ್ಲ್ ನಾತ್ಸಿ ಶಿಬಿರದ ಅನುಭವದಿಂದ 1946ರ ತಮ್ಮ ಪುಸ್ತಕದಲ್ಲಿ ಹಾಸ್ಯವು ಪರಿಸ್ಥಿತಿಯಿಂದ ಕ್ಷಣಹೊತ್ತಾದರೂ ದೂರ ನಿಲ್ಲುವ ಶಕ್ತಿ ಕೊಡ್ತದ ಎಂಬರ್ಥದ ಮಾತು ಹೇಳಿದ್ದಾರೆ. ಜಹೀರಾಬಾದಿನಲ್ಲಿ ಆ ದೂರಕ್ಕೆ ಒಂದು ಅಳತೆಯೇ ಸಿಕ್ಕಿತು, ಲೆನ್ಸಿನ ಅಳತೆ.

ಆಮೇಲೆ ರೇಡಿಯೊ. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ‘ಸಂಘಂ ರೇಡಿಯೊ’ ಪ್ರಸಾರ ಶುರುವಾಯಿತು. ನಡೆಸಿದವರು ಇಬ್ಬರು ನರಸಮ್ಮಂದಿರು: ಅಲ್ಗೋಲ್ ನರಸಮ್ಮ, ಜನರಲ್ ನರಸಮ್ಮ. ಆದರೆ ನನಗೆ ಮುಖ್ಯವಾದದ್ದು 2008ರ ಹಿಂದಿನ ವರ್ಷಗಳು. ಯುನೆಸ್ಕೊ ನೆರವಿನಿಂದ ಉಪಕರಣ ಬಂದಿತ್ತು, ಲೈಸೆನ್ಸ್ ಇರಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕ ಆಸ್ತಿ ಅಂದಿತ್ತು. 2000ದಲ್ಲಿ ಪಸ್ತಾಪುರದಿಂದಲೇ ಸಮುದಾಯ ರೇಡಿಯೊಗೆ ಒತ್ತಾಯದ ಘೋಷಣೆ ಹೊರಟಿತು. ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಕೊಟ್ಟ ನೀತಿ ಬಂದಿದ್ದು 2006ರ ಕೊನೆಗೆ. ಅಲ್ಲಿಯವರೆಗೆ ಹೆಣ್ಣುಮಕ್ಕಳು ಕಾರ್ಯಕ್ರಮವನ್ನು ಟೇಪಿನಲ್ಲಿ ರೆಕಾರ್ಡ್ ಮಾಡಿ ಸಂಘದ ಸಭೆಗಳಿಗೆ ಹೊತ್ತೊಯ್ದು ಕೇಳಿಸುತ್ತಿದ್ದರು. ಹಾಡು, ಮಾತುಕತೆ, ಸಣ್ಣ ನಾಟಕ, ಎಲ್ಲ ಜಹೀರಾಬಾದ್ ಕಡೆಯ ತೆಲುಗಿನಲ್ಲಿ. ಆಕಾಶವಾಣಿಯ ತೆಲುಗು ಅವರಿಗೆ ಪರಕೀಯ, ನಮ್ಮ ಕಡೆಯವರಿಗೆ ಬೆಂಗಳೂರಿನ ವಾರ್ತೆ ಕನ್ನಡ ಅನ್ನಿಸ್ತದಲ್ಲ ಹಂಗ. ನೋವಿನ ಮಾತನ್ನು ಹೇಳಿದವಳು, ಕೇಳುವವಳು, ನಡುವೆ ನಗುವವಳು ಮೂವರೂ ಒಂದೇ ಕೋಣೆಯಲ್ಲಿ. ‘ಸಾಮಾಜಿಕ ಮಾಧ್ಯಮ’ ಎಂಬ ಪದಕ್ಕೆ ಇದಕ್ಕಿಂತ ಅಕ್ಷರಶಃ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಗಡಿ, ಅದೇ ಫೋನು

ಫೋನು ಬಂದ ಮೇಲೆ ಏನಾಯಿತು? ಹಿತವಾದ ಕಥೆ ಮಾತ್ರ ಹೇಳಿದರೆ ಇತಿಹಾಸ ಆಗೋದಿಲ್ಲ. 2018ರ ಜುಲೈ 13ರಂದು, ನಾವು ಮಾತಾಡುತ್ತಿರುವ ಗಡಿಗೆ ಹತ್ತಿರದ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಮೇಲೆ ಜನ ಬಿದ್ದರು. ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಯಿತು. ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತ್ತು. ಒಬ್ಬ ಸತ್ತ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹಾಕಿತು. ಸುದ್ದಿ ನಂಬಿದವರೂ ಹೆದರಿದವರೇ ಅನ್ನುವುದನ್ನು ಮರೀಬಾರದು. ಹಳೆಯ ಭಯ ಇರುವ ಊರಲ್ಲಿ ಹೊಸ ವದಂತಿ ಬೇಗ ಬೇರು ಬಿಡ್ತದ. ಇದು ನನ್ನ ಅನುಮಾನ, ಸಿದ್ಧಾಂತ ಅಲ್ಲ.

ಅದೇ ವರ್ಷ, ಒಂದು ಕಾಲಕ್ಕೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲಿನಲ್ಲಿ ಪೊಲೀಸ್ ವರಿಷ್ಠಾಧಿಕಾರಿ ರೆಮಾ ರಾಜೇಶ್ವರಿ ಬೇರೆ ದಾರಿ ಹಿಡಿದರು. ಊರೂರಿಗೆ ಪೊಲೀಸರನ್ನು ಕಳಿಸಿ ಮನೆ ಬಾಗಿಲಿಗೆ ಹೋಗಿ ಮಾತಾಡಿಸಿದರು, ಜನಪದ ಕಲಾವಿದರಿಂದ ಹಾಡು, ಡಪ್ಪು, ಆಟ ಆಡಿಸಿದರು. ‘ಸುಳ್ಳು ಸುದ್ದಿ ನಂಬಬೇಡಿ’ ಎಂಬ ಸುತ್ತೋಲೆ ಮಾಡದ ಕೆಲಸವನ್ನು ಊರ ಕಟ್ಟೆಯ ಆಟ ಮಾಡ್ತದ. ವದಂತಿಯನ್ನು ನಂಬಿದವನನ್ನು ಪೆದ್ದ ಅನ್ನದೆ, ವದಂತಿಯನ್ನೇ ಆಟದ ವಸ್ತು ಮಾಡಿದರೆ ಜನ ಕೇಳ್ತಾರ.

ತೆಲಂಗಾಣದ ಇನ್ನೊಂದು ಮೂಲೆಯಿಂದ ಒಂದು ಉದಾಹರಣೆ. ಜಗಿತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿಯಲ್ಲಿ 2012ರಲ್ಲಿ ಶುರುವಾದ ‘ಮೈ ವಿಲೇಜ್ ಶೋ’ ಯೂಟ್ಯೂಬ್ ಚಾನೆಲ್. ಅದರ ತಾರೆ ಗಂಗವ್ವ: ಕೂಲಿ ಮಾಡಿ, ಬೀಡಿ ಕಟ್ಟಿ, ಸಂಸಾರದ ಬಹಳ ಕಷ್ಟ ಉಂಡ ಹೆಣ್ಣುಮಗಳು. 2020ರಲ್ಲಿ ತೆಲುಗು ಬಿಗ್ ಬಾಸ್ ಮನೆಗೂ ಹೋಗಿ ಬಂದರು. ನಮ್ಮ ಗಡಿಯ ಹಳ್ಳಿಗಳಲ್ಲಿ ಅವರ ವಿಡಿಯೊಗಳನ್ನು ಭಾಷೆಯ ಭೇದವಿಲ್ಲದೆ ನೋಡ್ತಾರ. ಗಂಗವ್ವ ತಮ್ಮ ಕಷ್ಟವನ್ನು ಪಾಠ ಮಾಡಿ ಹೇಳೋದಿಲ್ಲ, ಬೈಗುಳದಲ್ಲಿ, ಗದರಿಕೆಯಲ್ಲಿ ಹೇಳ್ತಾರ. ಮುಷಾಯಿರಾದಲ್ಲಿ ಜೋಕಿನ ವಸ್ತುವಾಗಿದ್ದ ಮುದುಕಿ ಇಲ್ಲಿ ಜೋಕು ಹೊಡೆಯುವವಳು. ಇದು ಸಣ್ಣ ಬದಲಾವಣೆ ಅಲ್ಲ.

ಕೊನೆಯದಾಗಿ ಸೆಪ್ಟೆಂಬರ್ 17. ಕರ್ನಾಟಕದಲ್ಲಿ ಅದು ಕಲ್ಯಾಣ ಕರ್ನಾಟಕ ಉತ್ಸವ, ಗಡಿಯಾಚೆ ಪಕ್ಷಕ್ಕೊಂದು ಹೆಸರು: ವಿಮೋಚನಾ ದಿನ, ಏಕೀಕರಣ ದಿನ. ಆ ವಾರ ಫೋನಿಗೆ ಬರುವ ವಿಡಿಯೊಗಳಲ್ಲಿ ಗೋರಟಾ ಒಂದು ಕಡೆಯ ಆಯುಧ, ಸುಂದರಲಾಲ್ ವರದಿ ಇನ್ನೊಂದು ಕಡೆಯ ಆಯುಧ. ಎರಡರಲ್ಲೂ ಬದುಕಿ ಉಳಿದವರು ಮಾತಾಡೋದಿಲ್ಲ, ಹಿನ್ನೆಲೆ ಸಂಗೀತ ಮಾತಾಡ್ತದ. 1948ರಲ್ಲಿ ಹತ್ತು ವರ್ಷ ಇದ್ದವರು ಈಗ ಎಂಬತ್ತೈದು ದಾಟ್ಯಾರ. ಅದೇ ಯೂಟ್ಯೂಬಿನಲ್ಲಿ ಖತೀಬರ ಹಳೆಯ ಧ್ವನಿಮುದ್ರಿಕೆಗಳೂ ಅವ, ಕ್ಯಾಸೆಟ್ಟಿನ ಗರಗರ ಸದ್ದಿನ ಸಮೇತ. ಮೊದಲು ನಗು, ಆಮೇಲೆ ಮೌನ. ಸಭೆಯ ಆ ಮೌನ ರೆಕಾರ್ಡ್ ಆಗಿದೆ ನೋಡ್ರಿ, ಅದು ನನಗೆ ದಾಖಲೆ.

ಪ್ರಶ್ನೋತ್ತರದಿಂದ

ಒಬ್ಬ ಸಂಶೋಧನಾ ವಿದ್ಯಾರ್ಥಿನಿ: ಸರ್, ನಗು ಕೆಲವು ಸಲ ಬಾಯಿ ಮುಚ್ಚಿಸಲಿಕ್ಕೂ ಬಳಕೆ ಆಗ್ತದಲ್ಲ? ‘ಅದನ್ನೆಲ್ಲ ಬಿಡವ್ವ, ನಕ್ಕೊಂಡಿರು’ ಅಂತಾರ.

ಉತ್ತರ: ಹೌದವ್ವ, ಬಹಳ ಸಲ. ಅದಕ್ಕೇ ನಾನು ಯಾರು ಶುರು ಮಾಡಿದರು ಅಂತ ನೋಡ್ತೀನಿ. ಗಾಯಗೊಂಡವಳು ತಾನೇ ಜೋಕು ಶುರು ಮಾಡಿದರೆ ಅವಳ ಕೈಯಲ್ಲಿ ಲಗಾಮು ಇರ್ತದ. ‘ಪಟೇಲ್ ಶಾಟ್’ ಹೆಸರನ್ನು ಪಟೇಲರ ಮನೆಯವರು ಇಟ್ಟಿದ್ದರೆ ಅದು ಅವಮಾನ ಆಗ್ತಿತ್ತು. ಸಂದರ್ಶನ ಮಾಡುವ ನಾವು ಜೋಕು ಶುರು ಮಾಡಬಾರದು. ಅವರು ನಕ್ಕರೆ ನಗಬಹುದು, ನಕ್ಕ ಮೇಲೆ ಸುಮ್ಮನಾದರೆ ನಾವೂ ಸುಮ್ಮನಾಗಬೇಕು. ಮುಂದಿನ ಪ್ರಶ್ನೆ ಕೇಳುವ ಅವಸರ ನಮ್ಮದು, ಅವರದಲ್ಲ.

ಒಬ್ಬ ಅಧ್ಯಾಪಕರು: ನಿಮ್ಮ ವಾದದಲ್ಲಿ ಮುಷಾಯಿರಾದ ಸಭಿಕರು ಆಘಾತಕ್ಕೊಳಗಾದವರು ಎಂಬುದು ಊಹೆ ಅಲ್ಲವೇ? ನಗಲಿಕ್ಕೆ ಬಂದವರೆಲ್ಲ ಗಾಯಗೊಂಡವರೇ ಆಗಿರಬೇಕಿಲ್ಲ.

ಉತ್ತರ: ಒಪ್ತೀನಿ ಸರ್, ಊಹೆಯೇ. ನನ್ನ ವಾದ ಒಬ್ಬೊಬ್ಬ ಸಭಿಕನ ಬಗ್ಗೆ ಅಲ್ಲ, ಕಟ್ಟಣೆಯ ಬಗ್ಗೆ. ನಗಿಸಿ ಅಳಿಸುವ ಕವನ ಬೇರೆ ಕಡೆಯೂ ಇದೆ. ಆದರೆ ಇಲ್ಲಿ ಅದು ಇಷ್ಟು ಜನಪ್ರಿಯ ಆದದ್ದು ಯಾಕೆ ಎಂಬ ಪ್ರಶ್ನೆಗೆ 1948ನ್ನು ಬಿಟ್ಟು ಉತ್ತರ ಹುಡುಕಿದರೆ ಏನೋ ತಪ್ಪಿಸಿಕೊಂಡಂಗ ಕಾಣ್ತದ. ಇದನ್ನು ಪರೀಕ್ಷಿಸುವ ದಾರಿಯೂ ಇದೆ: ಸಂಸ್ಥಾನದಾಚೆಯ ಉರ್ದು ಹಾಸ್ಯದೊಂದಿಗೆ, ಮುಂಬೈ ಪ್ರಾಂತ್ಯದಲ್ಲಿದ್ದ ಬಿಜಾಪುರದ್ದೇ ಇರಲಿ, ಹೋಲಿಸಿ ನೋಡಬೇಕು. ಯಾರಾದರೂ ಪಿಎಚ್‌ಡಿಗೆ ಎತ್ತಿಕೊಂಡರೆ ಸಂತೋಷ.

ಅದೇ ವಿದ್ಯಾರ್ಥಿನಿ: ನಾನು ನಾರಾಯಣಖೇಡ್ ಕಡೆ ಹಿರಿಯರ ಮಾತು ರೆಕಾರ್ಡ್ ಮಾಡಬೇಕು ಅಂತೀನಿ. ಯೂಟ್ಯೂಬಿಗೆ ಹಾಕಿದರೆ ಜನರಿಗೆ ಮುಟ್ತದಲ್ಲ, ಸರ್?

ಉತ್ತರ: ಮುಟ್ತದ. ಆದರೆ ಕಾಮೆಂಟ್ ಹಾಕುವವರೂ ಮುಟ್ತಾರ. ಸಂಘಂ ರೇಡಿಯೊ ಲೈಸೆನ್ಸ್ ಇಲ್ಲದಾಗ ಮಾಡಿದಂಗ ಮಾಡು. ಮೊದಲು ರೆಕಾರ್ಡಿಂಗ್ ತಗೊಂಡು ಹೋಗಿ ಅವರಿಗೇ ಕೇಳಿಸು, ಅವರ ಮನೆಯಾಗ. ‘ಇದನ್ನು ತೆಗಿ’ ಅಂದರೆ ತೆಗಿ. ಆಮೇಲೆ ಅವರು ಕರೀ ಅಂದವರನ್ನು ಕರೆದು ಕೇಳಿಸು. ಅಷ್ಟಾದ ಮೇಲೂ ಹೊರಗೆ ಹಾಕು ಅಂದರೆ ಹಾಕು. ಕೇಳ್ತಾ ಕೇಳ್ತಾ ಯಾರಾದರೂ ತಡಕೊಳ್ಳಲಾರದಷ್ಟು ತಳಮಳಗೊಂಡರೆ ಟೆಲಿ ಮಾನಸ್ ನಂಬರು 14416 ಕೈಯಲ್ಲಿಟ್ಟುಕೋ, ತೆಲುಗು, ಕನ್ನಡ, ಉರ್ದು ಮೂರರಲ್ಲೂ ಮಾತಾಡ್ತಾರ. ಮತ್ತೆ ಅವರು ನಡುವೆ ಹಾಡಿದರೆ, ನಕ್ಕರೆ, ಅದು ವಿಷಯಾಂತರ ಅಂತ ಕತ್ತರಿಸಬೇಡ. ಲಿಪ್ಯಂತರ ಮಾಡುವಾಗ ‘ನಗು’ ಅಂತ ಕಂಸದಲ್ಲಿ ಬರಿ, ಎಷ್ಟು ಹೊತ್ತು ಅಂತಲೂ ಬರಿ.